ಗೊತ್ತಿರೋರೇ ಅಲ್ವಾ?

ದಾರಿ ಮಾತು. ಈ ಸಲ 9 ಪೋಸ್ಟ್ ಇದೆ, ಒಂದೇ ಕ್ಯಾಪ್ಶನ್‌ನಲ್ಲಿ ಹಿಡಿಯಲಿಲ್ಲ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ. ಮನೇಲಿ ಸ್ಕೂಲಿಗೆ ಹೋಗೋ ಮಕ್ಕಳಿದ್ರೆ ಪೂರ್ತಿ ಓದಿ.

1/9

ಫೋಟೋದಲ್ಲಿರೋದು ನಮ್ಮೂರಿಂದ ಸ್ಕೂಲಿಗೆ ಹೋಗೋ ದಾರಿ. ಒಂದು ಕಡೆ ರೇಷ್ಮೆ ಸೊಪ್ಪಿನ ತೋಟ, ಇನ್ನೊಂದು ಕಡೆ ತೆಂಗಿನ ತೋಟ, ಮಧ್ಯೆ ಯಾರೂ ಬಳಸದ ಒಂದು ಪಂಪ್‌ಹೌಸ್. ಒಂದು ಕಿಲೋಮೀಟರ್ ಚಿಲ್ಲರೆ. ಒಂದನೇ ಕ್ಲಾಸಿಂದ ಏಳನೇ ಕ್ಲಾಸ್ ತನಕ ನಾನು ನಡೆದ ದಾರಿ. ಈಗ ನನ್ನ ತಮ್ಮ ನಡೀತಾ ಇದ್ದಾನೆ. ಅವನು ನಾಲ್ಕನೇ ಕ್ಲಾಸು.

ಕಳೆದ ವಾರ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಒಂದು ಫಾರ್ವರ್ಡ್ ಬಂತು. ಮಕ್ಕಳ ಕಳ್ಳರ ಗ್ಯಾಂಗ್ ನಮ್ಮ ಜಿಲ್ಲೆಗೆ ಬಂದಿದೆ, ಎಲ್ಲ ಗ್ರೂಪ್‌ಗೂ ಕಳಿಸಿ ಅಂತ. ಅದರಲ್ಲಿ ಊರಿನ ಹೆಸರಿಲ್ಲ, ತಾರೀಖಿಲ್ಲ, ಯಾವ ಪೊಲೀಸ್ ಸ್ಟೇಷನ್ ಅಂತಾನೂ ಇಲ್ಲ. ಆದರೂ ಅಮ್ಮನಿಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ತಮ್ಮನ ತಲೆ ಬಾಚ್ತಾ ಹೇಳಿದ್ಲು: "ದಾರೀಲಿ ಗೊತ್ತಿಲ್ಲದೋರು ಮಾತಾಡ್ಸಿದ್ರೆ ಮಾತಾಡ್ಬೇಡ ಮಗ. ಏನ್ ಕೊಟ್ರೂ ಈಸ್ಕೋಬೇಡ."

"ಗೊತ್ತಿಲ್ಲದೋರ ಜೊತೆ ನಾನು ಹೋಗಲ್ಲಮ್ಮ. ಮೊನ್ನೆ ಗಾಡೀಲಿ ಡ್ರಾಪ್ ಕೊಟ್ರಲ್ಲ, ಅವ್ರು ಗೊತ್ತಿರೋರೇ."

ಅಮ್ಮನ ಕೈ ನಿಂತುಹೋಯ್ತು. ಯಾವ ಗಾಡಿ? ಯಾರೋ ಅವ್ರು?

"ಹೆಸರು ಗೊತ್ತಿಲ್ಲ. ಆದ್ರೆ ಅವ್ರಿಗೆ ಅಪ್ಪನ ಹೆಸರು ಗೊತ್ತಿತ್ತು."

ಏನೂ ಆಗಿರಲಿಲ್ಲ. ಸೀದಾ ಸ್ಕೂಲ್ ಗೇಟ್ ಹತ್ರ ಇಳಿಸಿ ಹೋಗಿದ್ರಂತೆ. ನಿಜವಾಗ್ಲೂ ಒಳ್ಳೆಯವರೇ ಇರಬಹುದು, ಪಾಪ ಮಗು ಬಿಸಿಲಲ್ಲಿ ನಡೀತಿದೆ ಅಂತ ಹತ್ತಿಸ್ಕೊಂಡಿರಬಹುದು. ಆದ್ರೆ ಒಂಬತ್ತು ವರ್ಷದ ಹುಡುಗ ಯಾರದೋ ಗಾಡಿ ಹತ್ತಿದ್ದು ನಾಲ್ಕು ದಿನ ಮನೇಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅವನು ಅಮ್ಮನ ಮಾತು ಮೀರಿರಲಿಲ್ಲ ಅನ್ನೋದನ್ನ ಗಮನಿಸಿ. ಅಮ್ಮ ಹೇಳಿದ ಹಾಗೇ ನಡ್ಕೊಂಡಿದ್ದ. ನಾವು ಕಲಿಸಿದ ಪಾಠದಲ್ಲೇ ತಪ್ಪಿತ್ತು. ಈ 9 ಪೋಸ್ಟ್ ಆ ಪಾಠದ ಬಗ್ಗೆ.

2/9

ಅಂಥ ಫಾರ್ವರ್ಡ್ ಕಂಡ್ರೆ ನನಗೂ ಹೆದರಿಕೆ ಆಗುತ್ತೆ. ನನ್ನ ಹೆದರಿಕೆಗೆ ಕಾರಣ ಬೇರೆ.

2018ರಲ್ಲಿ ಇದೇ ತರದ ಮೆಸೇಜು ಕರ್ನಾಟಕ ಪೂರ್ತಿ ಓಡಾಡ್ತಿತ್ತು. ನಾನಾಗ ಏಳನೇ ಕ್ಲಾಸ್ ಮುಗಿಸಿ ರಜೆಯಲ್ಲಿದ್ದೆ. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಒಬ್ಬ ಯುವಕನನ್ನ ಮಕ್ಕಳ ಕಳ್ಳ ಅಂತ ಜನ ಕೈಕಾಲು ಕಟ್ಟಿ, ರಸ್ತೇಲಿ ಎಳೆದಾಡಿ, ಹೊಡೆದ್ರು. ಅವನು ಉಳಿಯಲಿಲ್ಲ.

ಅದಾಗಿ ಎರಡು ತಿಂಗಳೂ ಆಗಿರಲಿಲ್ಲ. ಜುಲೈ 13, ಶುಕ್ರವಾರ. ಬೀದರ್ ಜಿಲ್ಲೆ, ಔರಾದ್ ತಾಲ್ಲೂಕು. ಹೈದರಾಬಾದ್‌ನಿಂದ ಕೆಲವು ಸ್ನೇಹಿತರು ಕಾರ್‌ನಲ್ಲಿ ಹಂದಿಕೇರಾ ಅನ್ನೋ ಊರಿನ ಕಡೆ ಬಂದಿದ್ರು. ಅವರಲ್ಲಿ ಒಬ್ಬರು ಕತಾರ್ ದೇಶದವರು. ದಾರೀಲಿ ಸ್ಕೂಲ್ ಮಕ್ಕಳು ಕಂಡ್ರು. ಕಾರ್ ನಿಲ್ಲಿಸಿ ಮಕ್ಕಳಿಗೆ ಚಾಕ್ಲೆಟ್ ಕೊಟ್ರು. ಅಷ್ಟೇ ಅವರು ಮಾಡಿದ ತಪ್ಪು.

ನೋಡಿದವರಿಗೆ ಅನುಮಾನ ಬಂತು. ಜಗಳ ಆಯ್ತು. ಯಾರೋ ವಿಡಿಯೋ ಮಾಡಿ ವಾಟ್ಸಾಪ್ ಗ್ರೂಪ್‌ಗೆ ಹಾಕಿದ್ರು. ಇವರು ಹೆದರಿ ಕಾರ್ ಹತ್ತಿ ಹೊರಟ್ರು, ಆದ್ರೆ ವಿಡಿಯೋ ಕಾರಿಗಿಂತ ಮುಂಚೆ ಮುರ್ಕಿ ತಲುಪಿತ್ತು. ಮುರ್ಕಿಯಲ್ಲಿ ಜನ ರಸ್ತೆಗೆ ಅಡ್ಡ ನಿಂತಿದ್ರು. ಕಾರ್ ಪಲ್ಟಿ ಆಯ್ತು. ಒಳಗಿದ್ದವರನ್ನ ಎಳೆದು ಹೊಡೆದ್ರು. ಬಿಡಿಸೋಕೆ ಬಂದ ಪೊಲೀಸರಿಗೂ ಪೆಟ್ಟಾಯ್ತು. 32 ವರ್ಷದ ಒಬ್ಬ ಇಂಜಿನಿಯರ್ ಸತ್ತುಹೋದ್ರು. ಜೊತೆಗಿದ್ದವರಿಗೆ ತೀವ್ರ ಗಾಯ. ಆಮೇಲೆ ಮೂವತ್ತರ ಆಸುಪಾಸು ಜನ ಅರೆಸ್ಟ್ ಆದ್ರು, ವಾಟ್ಸಾಪ್ ಗ್ರೂಪ್ ಅಡ್ಮಿನ್ ಕೂಡ.

ಹೊಡೆದವರೆಲ್ಲ ರಾಕ್ಷಸರಾ? ಅವರ ಮನೇಲೂ ಸ್ಕೂಲಿಗೆ ಹೋಗೋ ಮಕ್ಕಳಿದ್ದಿರಬಹುದು. "ಗೊತ್ತಿಲ್ಲದೋರು, ಚಾಕ್ಲೆಟ್, ಸ್ಕೂಲ್ ಮಕ್ಕಳು" ಅನ್ನೋ ಮೂರು ಪದ ಒಟ್ಟಿಗೆ ಬಂದ್ರೆ ಅಪಾಯ ಅಂತ ಚಿಕ್ಕಂದಿನಿಂದ ನಮಗೆಲ್ಲ ಹೇಳ್ಕೊಟ್ಟಿದ್ದಾರೆ. ಆ ದಿನ ಮೂರೂ ಒಟ್ಟಿಗೆ ಬಂದಿತ್ತು. ಯಾವ ಮಗುವಿಗೂ ಏನೂ ಆಗಿರಲಿಲ್ಲ. ಆದರೂ ಒಬ್ಬ ಮನುಷ್ಯ ಹೋದ.

3/9

ಆ ವರ್ಷ ಊರೂರು ಸುತ್ತಿದ ಒಂದು ವಿಡಿಯೋ ಇತ್ತು, ನಿಮಗೂ ನೆನಪಿರಬಹುದು. ಬೀದೀಲಿ ಮಕ್ಕಳು ಆಡ್ತಿರ್ತಾರೆ. ಬೈಕ್‌ನಲ್ಲಿ ಇಬ್ರು ಬಂದು ಒಂದು ಮಗುನ ಎತ್ಕೊಂಡು ಹೋಗ್ತಾರೆ. ವಿಡಿಯೋ ಅಲ್ಲಿಗೆ ಮುಗೀತು. ನೋಡಿದವರ ಎದೆ ಝಲ್ ಅಂತು, ಫಾರ್ವರ್ಡ್ ಬಟನ್ ಒತ್ತಿದ್ರು.

ಆದ್ರೆ ಅದು ಅಲ್ಲಿಗೆ ಮುಗಿಯೋ ವಿಡಿಯೋನೇ ಅಲ್ಲ. 2016ರಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಕೆಲಸ ಮಾಡೋ ರೋಶನಿ ಹೆಲ್ಪ್‌ಲೈನ್ ಅನ್ನೋ ಸಂಸ್ಥೆ ಜಾಗೃತಿಗೆ ಅಂತ ಮಾಡಿಸಿದ ಚಿಕ್ಕ ಫಿಲ್ಮ್ ಅದು. ಒರಿಜಿನಲ್‌ನಲ್ಲಿ ಆ ಬೈಕಿನವರು ಮಗುನ ವಾಪಸ್ ತಂದು ಬಿಟ್ಟು, ಮಕ್ಕಳ ಮೇಲೆ ಕಣ್ಣಿಡಿ ಅನ್ನೋ ಅರ್ಥದ ಬರಹ ತೋರಿಸ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿ ಹಾಕಿದ್ರು. ಮಕ್ಕಳನ್ನ ಕಾಪಾಡೋಕೆ ಅಂತ ಮಾಡಿದ ವಿಡಿಯೋ ದೊಡ್ಡವರ ಜೀವ ತೆಗೆಯೋಕೆ ಬಳಕೆ ಆಯ್ತು. ಇದೇ ಗಲಾಟೆ ಆದ ಮೇಲೆ, 2018ರ ಜುಲೈನಲ್ಲಿ, ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಮಿತಿ ತಂದಿದ್ದು.

ಗಾಳಿಸುದ್ದಿ ನಮಗೆ ಹೊಸದಲ್ಲ. ನಮ್ಮಜ್ಜಿ ಕಾಲದಲ್ಲಿ ಸೇತುವೆ ಕಟ್ಟೋಕೆ ಮಕ್ಕಳ ತಲೆ ಬೇಕಂತೆ ಅಂತ ಹೇಳ್ತಿದ್ರಂತೆ. ಅಮ್ಮನ ಕಾಲದಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ರು. "ನಾಳೆ ಬಾ" ಬಾಗಿಲ ಮೇಲೇ ಇತ್ತು, ಯಾರನ್ನೂ ಹೊಡೀಲಿಲ್ಲ. ಫಾರ್ವರ್ಡ್‌ಗೆ ಮಾತ್ರ ಕಾಲಿದೆ, ಕೈಗೆ ದೊಣ್ಣೆ ಕೊಡುತ್ತೆ.

ಇನ್ನೊಂದು ವಿಷಯ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಜನ ಗೊತ್ತಿಲ್ಲದೋರಿಗೆ ಹೆದರಿದ್ರೆ ಊಟ ಹುಟ್ಟುತ್ತಾ ಹೇಳಿ? ರಾಮನಗರದ ಗೂಡಿನ ಮಾರ್ಕೆಟ್‌ಗೆ ಬೇರೆ ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದಲೂ ರೈತರು ಗೂಡು ತರ್ತಾರೆ. ಚನ್ನಪಟ್ಟಣದ ಬೊಂಬೆ ಕೊಳ್ಳೋರು ದಾರೀಲಿ ಹೋಗೋ ಪ್ರವಾಸಿಗರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬೈಪಾಸ್ ಬಂದ ಮೇಲೆ ಬೊಂಬೆ ಅಂಗಡಿಯವರು ಬೇಜಾರು ಮಾಡ್ಕೊಂಡಿದ್ದು ಯಾಕೆ? ಗೊತ್ತಿಲ್ಲದೋರು ಬರ್ತಿಲ್ಲ ಅಂತ! ನಮ್ಮ ಅಂಗಡಿಗೆ ಬೇಕಾದ ಮನುಷ್ಯ ನಮ್ಮ ಸ್ಕೂಲ್ ದಾರೀಲಿ ಕಂಡ್ರೆ ಮಾತ್ರ ಕಳ್ಳನಾ?

4/9

ಹಾಗಾದ್ರೆ ಅಪಾಯವೇ ಇಲ್ವಾ? ಇದೆ. ಆದ್ರೆ ನಾವು ನೋಡ್ತಿರೋ ದಿಕ್ಕಿನಲ್ಲಿ ಮಾತ್ರ ಇಲ್ಲ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಅಂದ್ರೆ ಎನ್‌ಸಿಆರ್‌ಬಿ, ಪ್ರತಿ ವರ್ಷ ಅಂಕಿಅಂಶ ಕೊಡುತ್ತೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಗಂಭೀರ ಪೋಕ್ಸೊ ಕೇಸ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಆ ಮಗುವಿಗೆ ಮೊದಲೇ ಗೊತ್ತಿರೋ ವ್ಯಕ್ತಿ. ನೆಂಟರು, ಅಕ್ಕಪಕ್ಕದವರು, ಪರಿಚಯದವರು. "ಗೊತ್ತಿಲ್ಲದೋರು" ಉಳಿದ ಸ್ವಲ್ಪ ಪಾಲಿನಲ್ಲಿ ಬರ್ತಾರೆ.

2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನ ಮಾತಾಡಿಸಿ ಒಂದು ಅಧ್ಯಯನ ಹೊರತಂದಿತ್ತು. ಅದರಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಆಗಿದೆ ಅಂದಿದ್ರು. ಹುಡುಗರೂ ಸೇರಿ. ಅದಕ್ಕಿಂತ ಮನಸ್ಸಿಗೆ ನಾಟೋದು ಏನಂದ್ರೆ, ಹೆಚ್ಚಿನ ಮಕ್ಕಳು ಅದನ್ನ ಯಾರಿಗೂ ಹೇಳಿರಲಿಲ್ಲ.

ನಾನು ಬಿಕಾಂ ಸ್ಟೂಡೆಂಟ್, ನನಗೆ ಗೊತ್ತಿರೋ ಉದಾಹರಣೆ ಕೊಡ್ತೀನಿ. ಆಡಿಟಿಂಗ್‌ನಲ್ಲಿ ಇಂಟರ್ನಲ್ ಚೆಕ್ ಅಂತ ಒಂದು ಪಾಠ ಇದೆ. ಅಂಗಡಿಗೆ ಬೀಗ ಹಾಕೋದು ಹೊರಗಿನ ಕಳ್ಳನಿಗೆ. ಆದ್ರೆ ಹತ್ತು ವರ್ಷದಿಂದ ಕೂತಿರೋ ಕ್ಯಾಷಿಯರ್‌ಗೆ ಬೀಗ ಏನ್ ಮಾಡುತ್ತೆ? ಕೀ ಅವನ ಹತ್ರಾನೇ ಇರುತ್ತಲ್ಲ. ಅದಕ್ಕೆ ದುಡ್ಡು ಈಸ್ಕೊಳ್ಳೋನೇ ಲೆಕ್ಕ ಬರೀಬಾರದು, ಒಬ್ಬನ ಕೆಲಸ ಇನ್ನೊಬ್ಬನ ಕಣ್ಣಿಗೆ ಬೀಳಬೇಕು ಅಂತ ನಿಯಮ ಮಾಡ್ತಾರೆ. ಕ್ಯಾಷಿಯರ್ ಕಳ್ಳ ಅಂತ ಯಾರೂ ಹೇಳ್ತಿಲ್ಲ. ನಿಯಮ ಎಲ್ಲರಿಗೂ ಒಂದೇ ಆದ್ರೆ ಒಳ್ಳೆ ಕ್ಯಾಷಿಯರ್‌ಗೂ ಬೇಜಾರಿಲ್ಲ.

ಮಕ್ಕಳ ವಿಷಯದಲ್ಲಿ ನಾವು ಇಡೀ ಬೀಗ ಹೊರಗಿನವನಿಗೆ ಹಾಕಿ, "ಗೊತ್ತಿರೋರೇ ಅಲ್ವಾ" ಅನ್ನೋ ಒಂದೇ ಮಾತಿಗೆ ಒಳಗಿನ ಬಾಗಿಲು ತೆಗೆದಿಟ್ಟಿದ್ದೀವಿ.

5/9

ಇದನ್ನ ಬರೀಬೇಕಾ ಬೇಡ್ವಾ ಅಂತ ಎರಡು ದಿನ ಯೋಚನೆ ಮಾಡಿದೆ. ಇದಕ್ಕೆ ಫೋಟೋ ಇಲ್ಲ, ಬರೀ ಕಪ್ಪು ಹಾಕಿದ್ದೀನಿ.

ನಾನು ಐದನೇ ಕ್ಲಾಸಲ್ಲಿದ್ದಾಗ ದಾರೀಲಿ ಒಬ್ರು ಇರ್ತಿದ್ರು. ನಮ್ಮಪ್ಪನಿಗೆ ಗೊತ್ತಿರೋರು. ಹಬ್ಬಕ್ಕೆ ಮನೆಗೆ ಬಂದಿದ್ದವರು. ನಾನು ಹೋಗುವಾಗ ಕರೆದು ಕಡ್ಲೆಮಿಠಾಯಿ ಕೊಡೋರು. ಕೊಡುವಾಗ ಕೈ ಹಿಡ್ಕೊಳೋರು. ಬಿಡ್ತಿರಲಿಲ್ಲ. ನಗ್ತಾ ಹಿಡ್ಕೊಂಡೇ ಇರೋರು, ನಾನು ಎಳ್ಕೊಂಡ್ರೂ. ಒಂದು ದಿನ ಬಾ ಒಳಗೆ ಕೂತ್ಕೋ ಅಂದ್ರು. ನಾನು ಮಿಠಾಯಿ ಬಿಸಾಕಿ ಓಡಿದೆ.

ಅಷ್ಟೇ. ಅದಕ್ಕಿಂತ ಹೆಚ್ಚೇನೂ ಆಗಿಲ್ಲ. ಆದ್ರೆ ಮಾರನೇ ದಿನದಿಂದ ನಾನು ಆ ದಾರಿ ಬಿಟ್ಟು ಕೆರೆ ಏರಿ ಮೇಲೆ ಸುತ್ತಿ ಹೋಗ್ತಿದ್ದೆ. ಇಪ್ಪತ್ತು ನಿಮಿಷ ಜಾಸ್ತಿ. ದಿನಾ ಲೇಟು. ಸ್ಕೂಲಲ್ಲಿ ನಿಲ್ಲಿಸ್ತಿದ್ರು, ಮನೇಲಿ "ಎಲ್ಲಿ ಆಟ ಆಡ್ಕೊಂಡ್ ಬರ್ತೀಯ" ಅಂತ ಬೈತಿದ್ರು. ನಾನು ಬೈಸ್ಕೊಂಡೆ, ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ನನಗೆ ಕಲಿಸಿದ್ದ ಪಾಠದಲ್ಲಿ ಇದಕ್ಕೆ ಜಾಗ ಇರಲಿಲ್ಲ. ಗೊತ್ತಿಲ್ಲದೋರು ಕೆಟ್ಟವರು ಅಂದಿದ್ರು. ಇವರು ಗೊತ್ತಿರೋರು. ಹಾಗಾದ್ರೆ ಇವರು ಕೆಟ್ಟವರಲ್ಲ. ಹಾಗಾದ್ರೆ ನನ್ನಲ್ಲೇ ಏನೋ ತಪ್ಪು. ಹತ್ತು ವರ್ಷದ ನನ್ನ ಲೆಕ್ಕ ಹೀಗೆ ಬಂದಿತ್ತು. ಏನಾದ್ರೂ ಕೊಟ್ರೆ ಈಸ್ಕೋಬೇಡ ಅಂದಿದ್ರು, ನಾನು ಈಸ್ಕೊಂಡಿದ್ದೆ. ಅದಕ್ಕೇ ಬೈತಾರೆ ಅನ್ನೋ ಭಯ ಬೇರೆ.

ಅಮ್ಮನಿಗೆ ಇದನ್ನ ಹೇಳಿದ್ದು ಕಳೆದ ವಾರ. ತಮ್ಮನ ಗಾಡಿ ಕತೆ ಕೇಳಿದ ರಾತ್ರಿ. ಅಮ್ಮ ಅಳಲಿಲ್ಲ. ಸುಮಾರು ಹೊತ್ತು ಸುಮ್ನಿದ್ದು, "ಏರಿ ಮೇಲೆ ಬರ್ತಿದ್ದೆ ಅಂತ ಗೊತ್ತಿತ್ತು ಕಣೆ, ಯಾಕೆ ಅಂತ ಕೇಳ್ಬೇಕಿತ್ತು" ಅಂದ್ಲು.

ಕೆಂಡದ ಹಾಗೆ ಒಳಗೆ ಇಟ್ಕೊಂಡಿದ್ದ ಮಾತು ಹೊರಗೆ ಬರೋಕೆ ಹತ್ತು ವರ್ಷ ಹಿಡೀತು. ನಿಮ್ಮ ಮನೆ ಮಗು ಇದ್ದಕ್ಕಿದ್ದ ಹಾಗೆ ದಾರಿ ಬದಲಿಸಿದ್ರೆ, ಯಾರದೋ ಮನೆಗೆ ಹೋಗಲ್ಲ ಅಂತ ಹಟ ಮಾಡಿದ್ರೆ, ಬೈಯೋಕೆ ಮುಂಚೆ ದಯವಿಟ್ಟು ಒಂದು ಸಲ ಯಾಕೆ ಅಂತ ಕೇಳಿ.

6/9

ಸರಿ, ಹಳೇ ಪಾಠ ಬಿಟ್ರೆ ಹೊಸದಾಗಿ ಏನು ಹೇಳ್ಕೊಡೋದು?

ಇದು ನನ್ನೊಬ್ಬಳ ತಲೆಹರಟೆ ಅಲ್ಲ. ಅಮೆರಿಕದಲ್ಲಿ ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡೋ ರಾಷ್ಟ್ರೀಯ ಕೇಂದ್ರವೇ 2017ರಲ್ಲಿ ಅಪರಿಚಿತರು ಅಂದ್ರೆ ಅಪಾಯ ಅನ್ನೋ ಪಾಠ ಬಿಡಿ ಅಂತ ಹೇಳಿತು. ಬ್ರಿಟನ್‌ನಲ್ಲೂ ಯಾರು ಅನ್ನೋದಕ್ಕಿಂತ "ಜೊತೆಗೆ ಬಾ" ಅಂತ ಕರೀತಿದ್ದಾರಾ ಅನ್ನೋದನ್ನ ಮಕ್ಕಳಿಗೆ ಗುರುತಿಸೋಕೆ ಕಲಿಸೋ ಪಾಠ ಶುರುವಾಗಿದೆ. ಮುಖ ನೋಡಿ ಮಗು ಯಾರು ಒಳ್ಳೆಯವರು ಅಂತ ಹೇಗೆ ಹೇಳುತ್ತೆ? ನಮಗೇ ಆಗಲ್ಲ. ಆದ್ರೆ ಕೇಳ್ತಿರೋ ಕೆಲಸ ಏನು ಅಂತ ಒಂಬತ್ತು ವರ್ಷದ ಮಗುಗೂ ಗೊತ್ತಾಗುತ್ತೆ.

ನಾನು, ಅಮ್ಮ, ತಮ್ಮ ಮೂರು ಜನ ಕೂತು ಮಾಡ್ಕೊಂಡ ನಿಯಮ ಇವು:

ಒಂದು. ಮನೇಲಿ ಹೇಳದೆ ಯಾರ ಜೊತೆಗೂ ಹೋಗಲ್ಲ, ಯಾರ ಗಾಡಿನೂ ಹತ್ತಲ್ಲ. ಮಾವ ಆದ್ರೂ ಅಷ್ಟೇ, ಮೇಷ್ಟ್ರಾದ್ರೂ ಅಷ್ಟೇ. "ಅಮ್ಮನ್ನ ಕೇಳಿ ಬರ್ತೀನಿ" ಅನ್ನೋದೇ ಉತ್ತರ.

ಎರಡು. ಮನೆಗೊಂದು ಗುಟ್ಟಿನ ಪದ. "ನಿಮ್ಮಮ್ಮನಿಗೆ ಹುಷಾರಿಲ್ಲ, ಬೇಗ ಬಾ" ಅಂತ ಯಾರಾದ್ರೂ ಬಂದ್ರೆ ಆ ಪದ ಕೇಳಬೇಕು. ಹೇಳದಿದ್ರೆ ಹೋಗಲ್ಲ. ಹೆಸರು ಗೊತ್ತಿರೋದು ಲೆಕ್ಕಕ್ಕಿಲ್ಲ. ಅಪ್ಪನ ಹೆಸರು ಕೊರಳಲ್ಲಿ ನೇತಾಡೋ ಐಡಿ ಕಾರ್ಡ್ ಮೇಲೇ ಇರುತ್ತೆ!

ಮೂರು. "ಮನೇಲಿ ಹೇಳ್ಬೇಡ" ಅಂತ ದೊಡ್ಡವರು ಯಾರೇ ಹೇಳಿದ್ರೂ, ಅದೇ ಮೊದಲು ಹೇಳಬೇಕಾದ ವಿಷಯ.

ನಾಲ್ಕು. ಕೈ ಹಿಡಿದು ಬಿಡದಿದ್ರೆ, ಎಲ್ಲೆಲ್ಲೋ ಮುಟ್ಟಿದ್ರೆ, ಕಿರುಚು, ಓಡು, ಕಚ್ಚು. ದೊಡ್ಡವರಿಗೆ ಮರ್ಯಾದೆ ಕೊಡು ಅನ್ನೋ ಮಾತಿಗೆ ಅಲ್ಲಿ ರಜೆ.

ಐದು. ಓಡೋದು ಎಲ್ಲಿಗೆ ಅಂತ ಮೊದಲೇ ಗೊತ್ತಿರಬೇಕು. ನಮ್ಮ ದಾರೀಲಿ ಮೂರು ಜಾಗ ಗುರುತು ಮಾಡಿದ್ದೀವಿ: ಡೈರಿ, ಅಂಗನವಾಡಿ, ತಿರುವಿನ ಹತ್ರ ಇರೋ ಟೈಲರ್ ಅಕ್ಕನ ಮನೆ.

ಐದನೇದು ನೋಡಿ. ಓಡಿ ಹೋಗಿ ಸೇರ್ಕೊಳ್ಳೋಕೆ ಜನ ಬೇಕು. ಕಷ್ಟಕ್ಕೆ ಸಿಕ್ಕ ಮಗುನ ಕಾಪಾಡೋರು ಎಷ್ಟೋ ಸಲ ಗೊತ್ತಿಲ್ಲದೋರೇ. ಯಾರ ಹತ್ರಾನೂ ಮಾತಾಡ್ಬೇಡ ಅಂತ ಕಲಿಸಿದ ಮಗು ದಾರಿ ತಪ್ಪಿದಾಗ ಯಾರನ್ನ ಕೇಳುತ್ತೆ?

7/9

ಇಲ್ಲಿವರೆಗೆ ಹೇಳಿದ್ದೆಲ್ಲ ಮಗುವಿನ ಕೆಲಸ. ಈಗ ನಮ್ಮ ಕೆಲಸ.

ಶಿಕ್ಷಣ ಹಕ್ಕು ನಿಯಮದಲ್ಲಿ 1ರಿಂದ 5ನೇ ತರಗತಿ ಮಕ್ಕಳಿಗೆ 1 ಕಿ.ಮೀ. ಒಳಗೆ, 6ರಿಂದ 8ನೇ ತರಗತಿಗೆ 3 ಕಿ.ಮೀ. ಒಳಗೆ ಶಾಲೆ ಅಂತ ಇದೆ. ಅಂದ್ರೆ ಹನ್ನೊಂದು ವರ್ಷದ ಮಗು ಮೂರು ಕಿಲೋಮೀಟರ್ ನಡೆದ್ರೂ ಕಾಗದದ ಮೇಲೆ ಎಲ್ಲ ಸರಿ. ನಿಯಮ ದೂರ ಅಳೆಯುತ್ತೆ. ಆ ದಾರೀಲಿ ಒಬ್ಬ ಮನುಷ್ಯ ಇದ್ದಾನಾ, ಒಂದು ಲೈಟ್ ಇದೆಯಾ ಅಂತ ಅಳೆಯಲ್ಲ.

ನಮ್ಮೂರಲ್ಲಿ ಬೆಳಿಗ್ಗೆ ಏಳು ಗಂಟೆಗೆ ಡೈರಿ ಹತ್ರ ಜಾತ್ರೆ ಇದ್ದಂಗೆ ಇರುತ್ತೆ. ಎಲ್ಲರ ಕೈಲೂ ಹಾಲಿನ ಕ್ಯಾನು. ಮಕ್ಕಳು ಹೊರಡೋ ಒಂಬತ್ತು ಗಂಟೆಗೆ ಅಲ್ಲಿ ನಾಯಿ ಬಿಟ್ರೆ ಯಾರೂ ಇಲ್ಲ. ಸಂಜೆ ನಾಲ್ಕೂವರೆಗೂ ಅದೇ ಕತೆ.

ನಮಗೆ ಒಟ್ಟಾಗಿ ಕಳಿಸೋಕೆ ಬರಲ್ಲ ಅಂತಲ್ಲ. ಮಾಗಡಿ ಕಡೆ ಚಿರತೆ ಕಾಣಿಸ್ಕೊಳ್ತು ಅಂದ್ರೆ, ಕನಕಪುರದ ಕಾಡಂಚಲ್ಲಿ ಆನೆ ಬಂತು ಅಂದ್ರೆ ಏನ್ ಮಾಡ್ತೀವಿ? ಮಕ್ಕಳನ್ನ ಗುಂಪು ಮಾಡಿ, ಯಾರಾದ್ರೂ ದೊಡ್ಡವರು ಕೋಲು ಹಿಡ್ಕೊಂಡು ಬಿಟ್ಟು ಬರ್ತಾರೆ. ಎರಡು ವಾರ. ಚಿರತೆ ಸುದ್ದಿ ತಣ್ಣಗಾದ ಮೇಲೆ ಗುಂಪೂ ಮಾಯ. ಆ ಎರಡು ವಾರದ್ದನ್ನ ವರ್ಷ ಪೂರ್ತಿ ಮಾಡಿ ಅಂತ ನಾನು ಕೇಳ್ತಿರೋದು.

ಜಪಾನ್‌ನಲ್ಲಿ ಪ್ರೈಮರಿ ಮಕ್ಕಳು ನಡ್ಕೊಂಡೇ ಸ್ಕೂಲಿಗೆ ಹೋಗ್ತಾರೆ. ಎಷ್ಟೋ ಕಡೆ ಅಕ್ಕಪಕ್ಕದ ಮನೆ ಮಕ್ಕಳೆಲ್ಲ ಸೇರಿ ಸಾಲಾಗಿ ಹೋಗ್ತಾರೆ, ದೊಡ್ಡ ಕ್ಲಾಸಿನವರು ಮುಂದೆ. ದಾರಿಯ ಅಂಗಡಿ, ಮನೆಗಳ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ: ಹೆದರಿಕೆ ಆದ್ರೆ ಮಕ್ಕಳು ಇಲ್ಲಿಗೆ ಓಡಿ ಬರಬಹುದು ಅಂತ. ಇದಕ್ಕೆ ಏನ್ ಖರ್ಚು ಬರುತ್ತೆ? ಸ್ಟಿಕ್ಕರ್ ಇಲ್ಲದಿದ್ರೆ ಬಾಗಿಲಿಗೆ ಒಂದು ಹಳದಿ ಬಣ್ಣದ ಗುರುತು ಸಾಕು.

ಕೇಳೋಕೆ ಜಾಗ ಕೂಡ ಇದೆ. ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಇದೆ, ಅದರಲ್ಲಿ ಇರೋರು ತಂದೆತಾಯಿಗಳೇ. ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಮಾಡಬೇಕು, ಅಲ್ಲಿ ಮಕ್ಕಳೇ ಎದ್ದು ನಿಂತು ಕೇಳಬಹುದು. "ನಮ್ಮ ದಾರೀಲಿ ಯಾವ ಜಾಗ ನೋಡಿದ್ರೆ ಭಯ ಆಗುತ್ತೆ" ಅಂತ ಮಕ್ಕಳ ಕೈಲಿ ಒಂದು ನಕ್ಷೆ ಬರೆಸಿ ತಗೊಂಡ್ ಹೋಗಿ. ತಮ್ಮನ ಕೈಲಿ ಬರೆಸಿದೆ. ಪಂಪ್‌ಹೌಸ್‌ಗೆ ಅವನು ಕೆಂಪು ಸುತ್ತು ಹಾಕಿದ. ಹತ್ತು ವರ್ಷದ ಹಿಂದೆ ನಾನೂ ಅಲ್ಲೇ ಹಾಕ್ತಿದ್ದೆ.

8/9

ಒಂದು ವೇಳೆ ಮಗು ಬಂದು ಏನಾದ್ರೂ ಹೇಳಿದ್ರೆ? ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳಿ.

ಮೊದಲು ನಂಬಿ. "ಅವ್ರು ಹಾಗೆಲ್ಲ ಮಾಡೋರಲ್ಲ" ಅನ್ನೋ ಒಂದು ವಾಕ್ಯ ಮಗುವಿನ ಬಾಯಿ ವರ್ಷಗಟ್ಟಲೆ ಮುಚ್ಚಿಸುತ್ತೆ. "ನೀನು ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ" ಅನ್ನಿ. ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಬೇಡಿ.

1098 ಮಕ್ಕಳ ಸಹಾಯವಾಣಿ. 24 ಗಂಟೆ, ಫ್ರೀ. ಮಗುವೇ ಫೋನ್ ಮಾಡಬಹುದು, ನೀವೂ ಮಾಡಬಹುದು. ತುರ್ತಾದ್ರೆ 112.

ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ, ಅಂದ್ರೆ ಮಕ್ಕಳ ದಿನಾಚರಣೆಯಿಂದ, ಜಾರಿಯಲ್ಲಿದೆ. ಅದರಲ್ಲಿ ನಮ್ಮ ಅಪ್ಪಅಮ್ಮಂದಿರಿಗೆ ಗೊತ್ತಿರಬೇಕಾದ್ದು ಇಷ್ಟು. ವಿಷಯ ಗೊತ್ತಿರೋರು ಪೊಲೀಸರಿಗೆ ತಿಳಿಸಲೇಬೇಕು. ಒಳ್ಳೆ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸ್ ಹಾಕೋ ಹಾಗಿಲ್ಲ. ಮಗುವಿನ ಹೇಳಿಕೆನ ಮನೇಲಿ ಅಥವಾ ಮಗುಗೆ ಇಷ್ಟ ಆದ ಜಾಗದಲ್ಲಿ ತಗೋಬೇಕು, ಆದಷ್ಟೂ ಮಹಿಳಾ ಅಧಿಕಾರಿ, ಯೂನಿಫಾರ್ಮ್ ಇಲ್ಲದೆ. ಮಗುನ ರಾತ್ರಿ ಸ್ಟೇಷನ್‌ನಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಮಗುವಿನ ಹೆಸರು, ಫೋಟೋ, ಸ್ಕೂಲ್, ಮನೆ ಯಾವುದನ್ನೂ ಮಾಧ್ಯಮಗಳು ಬಹಿರಂಗ ಮಾಡೋ ಹಾಗಿಲ್ಲ.

"ಮಾನ ಹೋಗುತ್ತೆ" ಅಂತ ಮುಚ್ಚಿಡೋರಿಗೆ ಒಂದು ಮಾತು: ಮಾನ ಹೋಗಬೇಕಾದ್ದು ಮಾಡಿದವನದ್ದು.

ಇನ್ನು ದಾರೀಲಿ ಯಾರ ಮೇಲಾದ್ರೂ ನಿಜವಾಗ್ಲೂ ಅನುಮಾನ ಬಂದ್ರೆ? ಮಕ್ಕಳನ್ನ ಮೊದಲು ಅಲ್ಲಿಂದ ಕರ್ಕೊಂಡ್ ಬನ್ನಿ. ಗಾಡಿ ನಂಬರ್ ಬರ್ಕೊಳಿ. 112ಕ್ಕೆ ಫೋನ್ ಮಾಡಿ. ಅಲ್ಲಿಗೆ ನಿಮ್ಮ ಕೆಲಸ ಮುಗೀತು. ವಿಡಿಯೋ ಗ್ರೂಪ್‌ಗೆ ಹಾಕಬೇಡಿ, ಜನ ಸೇರಿಸಬೇಡಿ, ಕೈ ಎತ್ತಬೇಡಿ. ಮುರ್ಕಿಯಲ್ಲೂ ಯಾರಾದ್ರೂ ಒಬ್ರು ಗ್ರೂಪ್ ಬಿಟ್ಟು ಸ್ಟೇಷನ್‌ಗೆ ಮೊದಲು ಫೋನ್ ಮಾಡಿ, ಉಳಿದವರು ಸುಮ್ನಿದ್ದಿದ್ರೆ, ಆ ಇಂಜಿನಿಯರ್ ಅವತ್ತು ಮನೆಗೆ ಹೋಗ್ತಿದ್ರು.

9/9

ಇಷ್ಟೆಲ್ಲ ಓದಿ ಅಮ್ಮ ಏನಂದ್ಲು ಗೊತ್ತಾ? ಬರೆದಿದ್ದನ್ನ ಪೋಸ್ಟ್ ಮಾಡೋಕೆ ಮುಂಚೆ ಅವಳಿಗೆ ಓದಿ ಹೇಳಿದೆ, ಅವಳ ಒಪ್ಪಿಗೆ ಇಲ್ಲದೆ ಐದನೇ ಪೋಸ್ಟ್ ಹಾಕೋಕೆ ಮನಸ್ಸಿರಲಿಲ್ಲ.

"ನೀನು ಹೇಳೋದೆಲ್ಲ ಸರಿ. ಆದ್ರೆ ನೂರರಲ್ಲಿ ಒಬ್ಬ ನಿಜವಾದ ಕಳ್ಳ ಬಂದ್ರೆ? ಗೊತ್ತಿಲ್ಲದೋರಿಗೆ ಹೆದರು ಅಂತ ಹೇಳಿಟ್ರೆ ನಷ್ಟ ಏನು?"

ನ್ಯಾಯವಾದ ಪ್ರಶ್ನೆ. ನಿಮ್ಮಲ್ಲೂ ತುಂಬಾ ಜನಕ್ಕೆ ಇದೇ ಅನ್ನಿಸಿರುತ್ತೆ. ನನ್ನ ಉತ್ತರ ಇಷ್ಟೇ: ಹೊಸ ನಿಯಮ ಆ ಒಬ್ಬನನ್ನೂ ಹಿಡಿಯುತ್ತೆ. ಮನೇಲಿ ಹೇಳದೆ ಯಾರ ಗಾಡಿನೂ ಹತ್ತಲ್ಲ ಅಂದ ಮಗು ಕಳ್ಳನ ಗಾಡಿನೂ ಹತ್ತಲ್ಲ, ಅಪ್ಪನ ಸ್ನೇಹಿತನ ಗಾಡಿನೂ ಹತ್ತಲ್ಲ. ಹಳೇ ಪಾಠ ಒಬ್ಬನನ್ನ ತಡೆದು ಉಳಿದವರನ್ನೆಲ್ಲ ಒಳಗೆ ಬಿಡ್ತಿತ್ತು. ನಷ್ಟ ಏನು ಅಂದ್ರೆ, ಒಂದು ನಷ್ಟ ಬೀದರ್‌ನಲ್ಲಿ ಆಯ್ತು. ಇನ್ನೊಂದು ನಷ್ಟ ನಿನ್ನ ಪಕ್ಕದಲ್ಲೇ ಕೂತಿದೆ ಅಂದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ತಗೊಂಡು ಫ್ಯಾಮಿಲಿ ಗ್ರೂಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿದ್ಲು. "ಆ ಕಳ್ಳರ ಮೆಸೇಜು ಯಾರು ಎಲ್ಲಿಂದ ತಂದ್ರಿ, ಯಾವ ಸ್ಟೇಷನ್ನು ಅಂತ ಹೇಳಿ. ಗೊತ್ತಿಲ್ಲದಿದ್ರೆ ಡಿಲೀಟ್ ಮಾಡ್ರಪ್ಪ." ಅರ್ಧ ಗಂಟೆ ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ದೊಡ್ಡಪ್ಪ ಡಿಲೀಟ್ ಮಾಡಿದ್ರು.

ಗಾಡೀಲಿ ಡ್ರಾಪ್ ಕೊಟ್ಟವರು ಯಾರು ಅಂತ ಇನ್ನೂ ಗೊತ್ತಾಗಿಲ್ಲ. ಅವರು ಇದನ್ನ ಓದ್ತಿದ್ರೆ: ಅಣ್ಣಾ, ನಿಮ್ಮ ಮನಸ್ಸು ಒಳ್ಳೇದೇ ಇರಬಹುದು. ಆದ್ರೆ ಇನ್ಮೇಲೆ ಮಗು ಒಂಟಿಯಾಗಿ ನಡೀತಿದ್ರೆ ಗಾಡಿಗೆ ಹತ್ತಿಸ್ಕೋಬೇಡಿ. ಗಾಡಿ ನಿಧಾನ ಮಾಡಿ, ದೂರದಿಂದ ಒಂದು ಕಣ್ಣಿಡಿ, ಮಗು ತಿರುವು ದಾಟಿದ ಮೇಲೆ ನಿಮ್ಮ ದಾರಿ ಹಿಡೀರಿ. ನಮ್ಮ ಹುಡುಗ "ಅಮ್ಮನ್ನ ಕೇಳಿ ಬರ್ತೀನಿ" ಅಂದ್ರೆ ಬೇಜಾರ್ ಮಾಡ್ಕೋಬೇಡಿ.

ಸೋಮವಾರದಿಂದ ನಮ್ಮ ಬೀದಿಯ ಏಳು ಮಕ್ಕಳು ಒಟ್ಟಿಗೆ ಹೋಗ್ತಿದ್ದಾರೆ. ಏಳನೇ ಕ್ಲಾಸಿನ ಹುಡುಗಿ ಮುಂದೆ, ನನ್ನ ತಮ್ಮ ಹಿಂದೆ. ನನ್ನ ಕಾಲೇಜ್ ಬಸ್ ಟೈಮ್‌ಗೆ ಸರಿ ಹೋಗೋ ದಿನ ನಾನೂ ಜೊತೆಗೆ ನಡೀತೀನಿ. ಬಾಕಿ ದಿನ ಯಾರು ಅಂತ ಅಮ್ಮಂದಿರು ಪಾಳಿ ಹಾಕ್ಕೊಂಡಿದ್ದಾರೆ. ಎಷ್ಟು ದಿನ ನಡೆಯುತ್ತೋ ನೋಡೋಣ. ಬುಧವಾರ ಪಂಪ್‌ಹೌಸ್ ಹತ್ರ ಬಂದಾಗ ಕಾಲು ತಾನಾಗೇ ಏರಿ ಕಡೆ ತಿರುಗ್ತು. ಮಕ್ಕಳು ಜೋರಾಗಿ ಮಗ್ಗಿ ಹೇಳ್ತಾ ಸೀದಾ ಹೋದ್ರು. ನಾನೂ ಅವರ ಹಿಂದೆ ಸೀದಾ ಹೋದೆ.

ನಿಮ್ಮ ಮನೆ ಮಗುಗೆ ಇವತ್ತು ರಾತ್ರಿ ಒಂದೇ ಪ್ರಶ್ನೆ ಕೇಳಿ: "ಸ್ಕೂಲ್ ದಾರೀಲಿ ನಿಂಗೆ ಇಷ್ಟ ಆಗದ ಜಾಗ ಯಾವ್ದು?" ಉತ್ತರ ಕೇಳಿಸ್ಕೊಳಿ. ಮಧ್ಯೆ ಮಾತಾಡ್ಬೇಡಿ. ಮಗುವಿನ ಹೆಸರು, ಸ್ಕೂಲ್ ಹೆಸರು ಮಾತ್ರ ಕಾಮೆಂಟ್‌ನಲ್ಲಿ ಬರೀಬೇಡಿ. ನಿಮ್ಮೂರಲ್ಲಿ ಗುಂಪಾಗಿ ಕಳಿಸ್ತಿದ್ರೆ ಹೇಗೆ ಮಾಡ್ತಿದ್ದೀರ ಅಂತ ಬರೀರಿ, ನಮಗೂ ಸಹಾಯ ಆಗುತ್ತೆ.

#ದಾರಿಮಾತು #ಮಕ್ಕಳಸುರಕ್ಷತೆ #1098 #ರಾಮನಗರ #ಚನ್ನಪಟ್ಟಣ #ಕನಕಪುರ #ಮಾಗಡಿ